ಮೊದಲ ಕಾದಂಬರಿಗೆ ಕೈಯಿಂದ ದುಡ್ಡು ಹಾಕಬಹುದೇ?

ಹೈದರಾಬಾದಿನಲ್ಲಿದ್ದು ಕನ್ನಡ ಕಾದಂಬರಿ ಬರೆದವರಿಗೆ ಹಸ್ತಪ್ರತಿ ಮುಗಿದ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ, ಓದುಗರೂ ಇದ್ದಾರೆ. ಆದರೆ ಕನ್ನಡದ ಪ್ರಕಾಶಕರಲ್ಲಿ ಹೆಚ್ಚಿನವರು ಇರುವುದು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ. ಅವರಿಗೆ ಹಸ್ತಪ್ರತಿ ಕಳಿಸಿ ಕಾಯಬೇಕೇ, ಇಲ್ಲವೇ ಉಳಿತಾಯದ ಹಣ ತೆಗೆದು ತಾವೇ ಅಚ್ಚು ಹಾಕಿಸಬೇಕೇ? ಎರಡೂ ಕಡೆಯ ವಾದಗಳಿಗೆ ತೂಕವಿದೆ. ಆದ್ದರಿಂದ ಎರಡನ್ನೂ ಪೂರ್ತಿಯಾಗಿ ಕೇಳಿಯೇ ತೀರ್ಮಾನಕ್ಕೆ ಬರಬೇಕು.

ಪರ

ಸ್ವಂತ ಹಣದಲ್ಲಿ ಪುಸ್ತಕ ತರುವುದನ್ನು ಕೀಳಾಗಿ ಕಾಣುವವರು ಕನ್ನಡ ಪ್ರಕಟಣೆಯ ಚರಿತ್ರೆಯನ್ನು ಮರೆತಿದ್ದಾರೆ. ಕನ್ನಡ ಕಾದಂಬರಿಗೆ ಓದುಗರನ್ನು ಗಳಿಸಿಕೊಟ್ಟ ಗಳಗನಾಥರು ಪುಸ್ತಕಗಳನ್ನು ಹೊತ್ತು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು. ಕುವೆಂಪು ಅವರ ಪುಸ್ತಕಗಳಿಗೆ ಉದಯರವಿ ಪ್ರಕಾಶನ ಮನೆಯದೇ ಸಂಸ್ಥೆಯಾಗಿತ್ತು. ನಮ್ಮ ಕಾಲದಲ್ಲಿ ವಸುಧೇಂದ್ರ ಅವರು ಛಂದ ಪುಸ್ತಕ ಕಟ್ಟಿ ಹೊಸ ಕತೆಗಾರರನ್ನು ಬೆಳಕಿಗೆ ತಂದರು. 2019ರಲ್ಲಿ ತಮ್ಮ ‘ತೇಜೋ ತುಂಗಭದ್ರಾ’ವನ್ನೂ ಅಲ್ಲಿಂದಲೇ ಪ್ರಕಟಿಸಿದರು. ಹೈದರಾಬಾದಿನ ತೆಲುಗು ಲೋಕದಲ್ಲಂತೂ ಇದು ದಿನನಿತ್ಯದ ರೂಢಿ. ಎಷ್ಟೋ ತೆಲುಗು ಪುಸ್ತಕಗಳ ಒಳಪುಟದಲ್ಲಿ ಪ್ರಕಾಶಕರ ಜಾಗದಲ್ಲಿ ಲೇಖಕರ ಹೆಸರೇ ಇರುತ್ತದೆ. ಪ್ರತಿಗಳು ಸಿಗುವ ಸ್ಥಳವೆಂದು ಅವರ ಮನೆಯ ವಿಳಾಸ, ಅದರ ಕೆಳಗೆ ಕಾಚಿಗುಡದ ನವೋದಯ ಬುಕ್ ಹೌಸ್. ಆ ಕಾರಣಕ್ಕೆ ಯಾರೂ ಅವರನ್ನು ಲೇಖಕರಲ್ಲ ಎನ್ನುವುದಿಲ್ಲ.

ಲೆಕ್ಕವೂ ಈ ವಾದದ ಕಡೆಗಿದೆ. 300 ರೂಪಾಯಿ ಬೆಲೆಯ ಕಾದಂಬರಿಯ 500 ಪ್ರತಿ ಹಾಕಿಸಿದಿರಿ, ಒಂದು ಪ್ರತಿಯ ಮುದ್ರಣಕ್ಕೆ 100 ರೂಪಾಯಿ ತಗುಲಿತು, ಅಂಗಡಿಯವರಿಗೆ ಶೇ 40 ಕಮಿಷನ್ ಹೋಯಿತು ಎಂದಿಟ್ಟುಕೊಳ್ಳಿ. ಪ್ರತಿಗೆ 180 ರೂಪಾಯಿ ಕೈಸೇರುತ್ತದೆ. 278 ಪ್ರತಿ ಮಾರಿದರೆ ಹಾಕಿದ 50,000 ರೂಪಾಯಿ ವಾಪಸ್. ಎಲ್ಲವೂ ಮಾರಿಹೋದರೆ 40,000 ರೂಪಾಯಿ ಉಳಿಯುತ್ತದೆ. ಪ್ರಕಾಶಕರು ಶೇ 10ರ ಗೌರವಧನ ಕೊಟ್ಟರೆ ಅಷ್ಟೇ ಪ್ರತಿಗಳಿಗೆ ಬರುವುದು 15,000. ಐಎಸ್‌ಬಿಎನ್ ಸಂಖ್ಯೆಗೆ ಖರ್ಚಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಲೇಖಕರಿಗೂ ಉಚಿತವಾಗಿ ಕೊಡುತ್ತದೆ. ಡಿಜಿಟಲ್ ಮುದ್ರಣ ಬಂದ ಮೇಲೆ ಸಾವಿರ ಪ್ರತಿ ಹಾಕಿಸಿ ಅಟ್ಟದಲ್ಲಿ ಪೇರಿಸುವ ಅಗತ್ಯವೂ ಇಲ್ಲ. ಮೈಲ್ಯಾಂಗ್‌ನಂಥ ವೇದಿಕೆಯಲ್ಲಿ ಇ-ಪುಸ್ತಕವಾದರೆ ಓದುಗರು ಯಾವ ಊರಿನಲ್ಲಿದ್ದರೂ ತಲುಪಬಹುದು. ಉತ್ತರವೇ ಬಾರದ ಪತ್ರಕ್ಕಾಗಿ ವರ್ಷಗಟ್ಟಲೆ ಕಾದು ಬರೆಯುವ ಹುಮ್ಮಸ್ಸನ್ನೇ ಕಳೆದುಕೊಳ್ಳುವುದಕ್ಕಿಂತ, ಪುಸ್ತಕ ತಂದು ಎರಡನೆಯದಕ್ಕೆ ಕೈ ಹಾಕುವುದು ಲೇಸು.

ವಿರೋಧ

ಮೇಲಿನ ಹೆಸರುಗಳೆಲ್ಲ ದೊಡ್ಡವೇ. ಆದರೆ ಅವು ಹೊಸಬರ ಸ್ಥಿತಿಗೆ ಹೊಂದುವುದಿಲ್ಲ. ಗಳಗನಾಥರಿಗೆ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯ ಓದುಗರಿದ್ದರು. ‘ತೇಜೋ ತುಂಗಭದ್ರಾ’ ಬರುವ ಹೊತ್ತಿಗೆ ವಸುಧೇಂದ್ರ ಕತೆ, ಪ್ರಬಂಧಗಳಿಂದ ನಾಡಿಗೆಲ್ಲ ಪರಿಚಿತರಾಗಿದ್ದರು. ಓದುಗರನ್ನು ಗಳಿಸಿದ ಮೇಲೆ ಪ್ರಕಾಶಕರಾಗುವುದು ಬೇರೆ, ಒಬ್ಬರೂ ಓದದ ಹಸ್ತಪ್ರತಿಯನ್ನು ಅಚ್ಚಿಗೆ ಕೊಡುವುದು ಬೇರೆ. ಒಳ್ಳೆಯ ಪ್ರಕಾಶಕರು ಮುದ್ರಣಕ್ಕೆ ಮೊದಲು ಕೊಡುವುದು ಪರರ ಕಣ್ಣನ್ನು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಗೆ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಬೆಂಬಲವಿತ್ತು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲಿ ಬಂದದ್ದು ಅಲ್ಲಿಂದ. ಯು.ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ವೂ 1965ರಲ್ಲಿ ಅಲ್ಲಿಂದಲೇ ಬಂತು. ಅವರು ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ. ಅಷ್ಟು ದೂರದಲ್ಲಿ ಬರೆದ ಕೃತಿಗೆ ಧಾರವಾಡ ತೆರೆದಿತ್ತೆಂದ ಮೇಲೆ ಹೈದರಾಬಾದಿನ ದೂರ ಒಂದು ನೆಪವಾಗಲಾರದು.

ಲೆಕ್ಕವನ್ನೂ ಇನ್ನೊಮ್ಮೆ ನೋಡಬೇಕು. ಅದರಲ್ಲಿ ಕಾಗದ, ಮುದ್ರಣ ಮಾತ್ರ ಇವೆ. ಡಿಟಿಪಿ, ಕರಡು ತಿದ್ದುವಿಕೆ, ಮುಖಪುಟ, ಸಾಗಣೆಗೆ ಇನ್ನೊಂದು 25,000 ಸೇರಿಸಿದರೆ ಅಸಲು ಮರಳಲು 417 ಪ್ರತಿ ಮಾರಬೇಕು. ಗೌರವ ಪ್ರತಿ, ವಿಮರ್ಶೆಗೆ ಪ್ರತಿ ಎಂದು ಕೊಟ್ಟು ಉಳಿದದ್ದರಲ್ಲಿ ಅಷ್ಟನ್ನು ಮಾರುವುದು ಯಾರು? ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಅಂಗಡಿಗಳಿಗೆ ಕಟ್ಟು ಕಳಿಸಿ, ಬಾಕಿಗಾಗಿ ಮತ್ತೆ ಮತ್ತೆ ಫೋನ್ ಮಾಡುವುದು ಪೂರ್ಣಾವಧಿ ಕೆಲಸ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡವರು ಆಯ್ಕೆಗೂ ಕಾಯಬೇಕು, ಬಿಲ್ಲಿಗೂ ಕಾಯಬೇಕು. ‘ಪ್ರಕಾಶಕರೂ ಈಗ ಲೇಖಕರಿಂದಲೇ ಹಣ ಕೇಳುತ್ತಾರಲ್ಲ’ ಎಂಬ ಆಕ್ಷೇಪ ನಿಜ. ಅದಕ್ಕೆ ಉತ್ತರ ಅಂಥವರಿಂದ ದೂರ ಇರುವುದು. ಪ್ರಕಾಶಕರು ನಷ್ಟದ ಭಯ ಹೊತ್ತಾಗಲೇ ಪುಸ್ತಕವನ್ನು ತಿದ್ದಲು, ಮಾರಲು ಅವರಿಗೊಂದು ಕಾರಣ ಇರುತ್ತದೆ. ಲೇಖಕರು ಪೂರ್ತಿ ಹಣ ಕೊಟ್ಟಾಗ ಮುದ್ರಣದ ದಿನವೇ ಪ್ರಕಾಶಕರ ಲಾಭ ಕೈಸೇರಿರುತ್ತದೆ; ಆಮೇಲೆ ಪುಸ್ತಕ ಮಾರಿದರೂ ಒಂದೇ, ಬಿಟ್ಟರೂ ಒಂದೇ. 1980ರಲ್ಲಿ ಶುರುವಾದ ಹೈದರಾಬಾದ್ ಬುಕ್ ಟ್ರಸ್ಟ್ ತೆಲುಗಿನಲ್ಲಿ ಹೆಸರು ಮಾಡಿದ್ದು ಆಯ್ಕೆಯಿಂದ, ಕಡಿಮೆ ಬೆಲೆಯಿಂದ, ಪುಸ್ತಕವನ್ನು ಜನರ ನಡುವೆ ಒಯ್ದ ಶ್ರಮದಿಂದ. ಈ ಶ್ರಮವನ್ನು ಒಬ್ಬ ಹೊಸ ಲೇಖಕರ ಉಳಿತಾಯದ ಹಣ ತುಂಬಿಕೊಡಲಾರದು.

ತೀರ್ಮಾನ

ಎರಡನ್ನೂ ತೂಗಿದಾಗ ಹಣ ಹಾಕುವುದು ತಪ್ಪಲ್ಲ, ಯಾರಿಂದಲೂ ಓದಿಸದೆ ಹಣ ಹಾಕುವುದು ತಪ್ಪು ಎಂದೇ ನನ್ನ ನಿಲುವು. ಪರ ವಾದದ ಉದಾಹರಣೆಗಳಲ್ಲಿ ಓದುಗರು ಮೊದಲು, ಮುದ್ರಣ ನಂತರ. ಹೊಸಬರು ಆ ಕ್ರಮವನ್ನು ತಿರುಗಿಸುತ್ತಾರೆ. ಸೋಲು ಅಲ್ಲಿಂದ ಶುರುವಾಗುತ್ತದೆ. ಆದ್ದರಿಂದ ಮೊದಲು ಕತೆಗಳನ್ನು ‘ಮಯೂರ’, ‘ಸುಧಾ’, ‘ತರಂಗ’ಗಳಿಗೆ ಕಳಿಸಿ, ಸ್ಪರ್ಧೆಗಳಿಗೆ ಕಳಿಸಿ, ಹೆಸರು ಸಂಪಾದಕರ ಕಣ್ಣಿಗೆ ಬೀಳಲಿ. ಹಸ್ತಪ್ರತಿಯನ್ನು ನಿಷ್ಠುರವಾಗಿ ಹೇಳಬಲ್ಲ ಮೂರ್ನಾಲ್ಕು ಮಂದಿಗೆ ಕೊಟ್ಟು ತಿದ್ದಿ. ಅನಂತರ ಒಂದು ವರ್ಷ ಪ್ರಕಾಶಕರ ಬಾಗಿಲು ತಟ್ಟಿ. ಅಷ್ಟಾದರೂ ಯಾರೂ ಒಪ್ಪದಿದ್ದರೆ ಧೈರ್ಯವಾಗಿ ನೀವೇ ಪ್ರಕಟಿಸಿ: ಐಎಸ್‌ಬಿಎನ್ ನಿಮ್ಮ ಹೆಸರಿನಲ್ಲಿರಲಿ, ಹಕ್ಕು ನಿಮ್ಮಲ್ಲಿರಲಿ, ಪ್ರತಿಗಳು ಕಡಿಮೆಯಿರಲಿ, ಮುಖಪುಟಕ್ಕಿಂತ ಹೆಚ್ಚು ಹಣ ಕರಡು ತಿದ್ದುವವರಿಗೆ ಹೋಗಲಿ. ನಿಮ್ಮಿಂದ ಪೂರ್ತಿ ಹಣ ಪಡೆದು ಹಕ್ಕನ್ನೂ ಕೇಳುವ ಕರಾರಿಗೆ ಮಾತ್ರ ಸಹಿ ಹಾಕಬೇಡಿ.

ಹೈದರಾಬಾದಿನ ಕನ್ನಡ ಸಂಘಟನೆಗಳಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಶಾಲು, ಹಾರ, ಬಿಡುಗಡೆ ಸಮಾರಂಭಗಳು ಪುಸ್ತಕ ಮುಗಿದ ಮೇಲಿನ ಮಾತು. ತಿಂಗಳಿಗೊಮ್ಮೆ ಹತ್ತು ಮಂದಿ ಕೂತು ಒಬ್ಬ ಹೊಸಬರ ಹಸ್ತಪ್ರತಿಯನ್ನು ಓದಿಸಿ, ಕೇಳಿ, ತಿದ್ದಿ ಕೊಡಿ. ಈ ನಗರದಿಂದ ಒಳ್ಳೆಯ ಕನ್ನಡ ಕಾದಂಬರಿ ಬರಬೇಕಾದರೆ ಮೊದಲು ಆಗಬೇಕಾದ ಕೆಲಸ ಅದು.