ಕಡಲ ಗಾಳಿಯೂ ಸರಕಾರದ ಟೆಂಡರೂ

"ಗಾಳಿ ಬಂದಾಗ ತೂರಿಕೋ" ಎಂಬುದು ನಮ್ಮ ಹಿರಿಯರ ಮಾತು. ಕಣದಲ್ಲಿ ನಿಂತ ರೈತನಿಗೆ ಮೊರವೊಂದಿದ್ದರೆ ಸಾಕು. ಆದರೆ ಕಡಲ ಗಾಳಿಯಿಂದ ವಿದ್ಯುತ್ತು ತೆಗೆಯ ಹೊರಟವನು ಒಂದು ಕಾಸು ಕಾಣುವ ಮುಂಚೆಯೇ ತಳಪಾಯ, ಗೋಪುರ, ಸಮುದ್ರದಡಿಯ ಕೇಬಲ್ಲುಗಳಿಗೆಂದು ಸಾವಿರಾರು ಕೋಟಿ ಸುರಿಯಬೇಕು. ಇಂಥವನನ್ನು ಕರೆಯುವ ಸರಕಾರದ ಟೆಂಡರು ಹೇಗಿರಬೇಕು?

ಡೆನ್ಮಾರ್ಕ್ ದೇಶವನ್ನೇ ನೋಡೋಣ. ಜಗತ್ತಿನ ಮೊಟ್ಟಮೊದಲ ಕಡಲ ಗಾಳಿ ಸ್ಥಾವರವನ್ನು 1991ರಲ್ಲಿ ವಿಂಡೆಬಿಯಲ್ಲಿ ಕಟ್ಟಿದ ನಾಡು ಅದು. 2024ರಲ್ಲಿ ಉತ್ತರ ಸಮುದ್ರದ 3,000 ಮೆಗಾವಾಟ್‌ಗೆ ಅದು ಟೆಂಡರು ಕರೆಯಿತು. ಸಹಾಯಧನವಿಲ್ಲ, ಬದಲಿಗೆ ಕಂಪನಿಗಳೇ ಸರಕಾರಕ್ಕೆ ಹಣ ತೆರಬೇಕು. ಡಿಸೆಂಬರಿನಲ್ಲಿ ಗಡುವು ಮುಗಿದಾಗ ಒಂದು ಅರ್ಜಿಯೂ ಬಂದಿರಲಿಲ್ಲ! ಅದಕ್ಕೆ ಹಿಂದಿನ ವರ್ಷ ಬ್ರಿಟನ್ನಿನಲ್ಲಿಯೂ ಹೀಗೆಯೇ ಆಗಿತ್ತು. 2012ರ ಬೆಲೆಮಟ್ಟದಲ್ಲಿ ಮೆಗಾವಾಟ್-ಗಂಟೆಗೆ 44 ಪೌಂಡು ಮೀರಬಾರದೆಂದಾಗ ಕಡಲ ಗಾಳಿಗೆ ಯಾರೂ ಮುಂದೆ ಬರಲಿಲ್ಲ. ಮಿತಿಯನ್ನು 73ಕ್ಕೆ ಏರಿಸಿದ ಮೇಲೆ, 2024ರಲ್ಲಿ, ಬಂದರು.

"ಸಾಹುಕಾರರ ಚೀಲ ತುಂಬಲು ಪ್ರಜೆಗಳ ಹಣವೇಕೆ?" ಎಂದು ಕೆಲವು ಮಿತ್ರರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರವು ಒಪ್ಪಂದದ ಸ್ವರೂಪದಲ್ಲಿದೆ. ವಿದ್ಯುತ್ತಿಗೆ ಒಂದು ದರವನ್ನು ಮೊದಲೇ ಗೊತ್ತುಮಾಡುವುದು. ಪೇಟೆಯ ಧಾರಣೆ ಅದಕ್ಕಿಂತ ಇಳಿದರೆ ಕೊರತೆಯನ್ನು ಸರಕಾರ ತುಂಬುವುದು, ಏರಿದರೆ ಹೆಚ್ಚಳವನ್ನು ಕಂಪನಿ ಹಿಂದಿರುಗಿಸುವುದು. ಆದಾಯ ನಿಶ್ಚಿತವೆಂದು ಕಂಡರೆ ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ಗಾಳಿಗೆ ಬೆಲೆಯಿಲ್ಲ, ವೆಚ್ಚವೆಲ್ಲ ಬಹುಪಾಲು ಬಂಡವಾಳದ್ದೇ. ಆದ್ದರಿಂದ ಬಡ್ಡಿ ಇಳಿದರೆ ವಿದ್ಯುತ್ತೂ ಅಗ್ಗವಾಗುತ್ತದೆ. ಇದು ದಾನವಲ್ಲ, ಹೊರೆಯ ಹಂಚಿಕೆ. ಧಾರಣೆಯ ಏರಿಳಿತ ಕಂಪನಿಯ ಕೈಯಲ್ಲಿಲ್ಲ. ಅದನ್ನು ಸರಕಾರ ಹೊರಲಿ. ಕೆಲಸದ ವಿಳಂಬ, ಯಂತ್ರದ ದುರಸ್ತಿ ಕಂಪನಿಯ ಕೈಯಲ್ಲಿವೆ. ಅವನ್ನು ಕಂಪನಿಯೇ ಹೊರಲಿ. ಡೆನ್ಮಾರ್ಕು 2025ರಲ್ಲಿ ಈ ಬಗೆಯ ಒಪ್ಪಂದಕ್ಕೇ ತಿರುಗಿ, ಗರಿಷ್ಠ 5,500 ಕೋಟಿ ಕ್ರೋನರಿನ ನೆರವನ್ನು ನಿಗದಿಮಾಡಿತು.

ನಮ್ಮ ಕೇಂದ್ರ ಸರಕಾರವೂ 2024ರಲ್ಲಿ ಗುಜರಾತ್ ಮತ್ತು ತಮಿಳುನಾಡಿನ ಕಡಲುಗಳಲ್ಲಿ ಒಟ್ಟು 1,000 ಮೆಗಾವಾಟ್‌ಗಾಗಿ, ಬಂದರುಗಳ ಸುಧಾರಣೆಯೂ ಸೇರಿ, 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೆಜ್ಜೆ ಸ್ತುತ್ಯ. ಆದರೆ ಹಣ ತೆಗೆದಿಟ್ಟ ಮಾತ್ರಕ್ಕೆ ಕಾರ್ಯವಾಗದು. ವಿದ್ಯುತ್ತನ್ನು ಕೊಳ್ಳುವವರು ಯಾರು, ಎಷ್ಟು ವರ್ಷ, ಯಾವ ದರಕ್ಕೆ, ನಷ್ಟ ಯಾರ ಪಾಲಿಗೆ ಎಂಬುದನ್ನು ಟೆಂಡರೇ ಸ್ಪಷ್ಟವಾಗಿ ಹೇಳಬೇಕು. ಅತಿ ಕಡಿಮೆ ದರ ಕೂಗಿದವನಿಗೆ ಕೆಲಸವೆಂಬ ಹಳೆಯ ಪದ್ಧತಿಯೊಂದೇ ಇಲ್ಲಿ ಸಾಲದು. ಕಾಗದದ ಮೇಲೆ ಅಗ್ಗವಾಗಿದ್ದು ಕಡಲಿನಲ್ಲಿ ಏಳದ ಗೋಪುರದಿಂದ ಒಂದು ದೀಪವೂ ಹೊತ್ತದು.