ತಿದ್ದುವ ಕೈ ಯಾರದು?

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕಳೆದ ತಿಂಗಳು ಒಂದು ವಾಗ್ವಾದ ನಡೆಯಿತು. ಚಹಾದ ಹೊತ್ತು, ಸಂವಿಧಾನದ ಮಾತು ಹೇಗೋ ಬಂದಿತು. ಅರ್ಥಶಾಸ್ತ್ರದ ಮಿತ್ರರೊಬ್ಬರು, “ನೂರು ಸಲ ತೇಪೆ ಹಾಕಿದ ಕೌದಿ ಅದು. ಮೂಲದ ಬಟ್ಟೆ ಎಲ್ಲಿ ಉಳಿದಿದೆ? ಬಿಸಾಡಿ ಹೊಸದನ್ನು ಹೊಲಿಸುವುದೇ ಮೇಲು” ಎಂದರು. ಸಂಸ್ಕೃತದ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡು, “ಶಾಂತಂ ಪಾಪಂ! ಅದು ಪವಿತ್ರ ಗ್ರಂಥ. ಒಂದಕ್ಷರವನ್ನೂ ಮುಟ್ಟಬಾರದು” ಎಂದರು. ಇಬ್ಬರೂ ತೀರ್ಪಿಗಾಗಿ ನನ್ನ ಕಡೆ ತಿರುಗಿದರು. ನಾನು ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದೆ: “ನೂರಾ ಆರನೆಯ ತಿದ್ದುಪಡಿಯಲ್ಲಿ ಏನಿದೆ?” ಇಬ್ಬರೂ ಚಹಾದ ಲೋಟ ಎತ್ತಿಕೊಂಡರು. ಮುಚ್ಚಿಡುವುದೇಕೆ, ಆ ದಿನ ನನಗೂ ಅದರ ಪೂರ್ತಿ ವಿವರ ಗೊತ್ತಿರಲಿಲ್ಲ.

ಕನ್ನಡ ಮೇಷ್ಟರ ಆಯುಷ್ಯದಲ್ಲಿ ಅರ್ಧ ಭಾಗ ತಿದ್ದುವುದರಲ್ಲಿಯೇ ಕಳೆಯುತ್ತದೆ. ಆದ್ದರಿಂದ ಈ ಮಾತಿನ ಬಗ್ಗೆ ನನಗೆ ಸ್ವಲ್ಪ ಅಧಿಕಾರ ಉಂಟೆಂದು ತಿಳಿದಿದ್ದೇನೆ. ಮಗು ಮರಳಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆ ಬೆರಳಾಡಿಸುವುದು ತಿದ್ದುವುದು. ಅಡ್ಡದಾರಿ ಹಿಡಿದ ಮಗನಿಗೆ ತಂದೆ ಬುದ್ಧಿ ಹೇಳುವುದೂ ತಿದ್ದುವುದೇ. ಉತ್ತರಪತ್ರಿಕೆಯ ಮೇಲೆ ನಾನು ಕೆಂಪು ಶಾಯಿ ಎಳೆಯುವುದೂ ಅದೇ. ಈ ಮೂರರಲ್ಲಿಯೂ, ಇದ್ದದ್ದನ್ನು ಕಣ್ಣಿಟ್ಟು ನೋಡದೆ ತಿದ್ದುವುದು ಸಾಧ್ಯವಿಲ್ಲ. ಅಳಿಸುವವನಿಗೆ ಓದುವ ಅಗತ್ಯವಿಲ್ಲ, ಪೂಜಿಸುವವನಿಗೂ ಇಲ್ಲ. ನನ್ನ ಇಬ್ಬರು ಮಿತ್ರರ ಜಗಳ ಹೊರಗೆ ಕಾಣುವಷ್ಟು ದೊಡ್ಡದಲ್ಲ. ಓದದಿರುವುದರಲ್ಲಿ ಅವರಿಬ್ಬರೂ ಒಂದೇ ಪಕ್ಷ.

ಮೊದಲು ಕೌದಿಯ ಮಾತನ್ನು ತೆಗೆದುಕೊಳ್ಳೋಣ. 1950ರಿಂದ 2023ರವರೆಗೆ ನಮ್ಮ ಸಂವಿಧಾನಕ್ಕೆ 106 ತಿದ್ದುಪಡಿಗಳಾದವು. ಇನ್ನೂರು ವರ್ಷ ದಾಟಿದ ಅಮೆರಿಕದ ಸಂವಿಧಾನಕ್ಕೆ ಆಗಿರುವುದು 27. ಈ ಲೆಕ್ಕವನ್ನು ಮುಂದಿಟ್ಟು ನಮ್ಮದು ದುರ್ಬಲವೆನ್ನುವವರು ಒಂದನ್ನು ಮರೆಯುತ್ತಾರೆ. ಬೇರೆ ದೇಶಗಳು ಸಾಮಾನ್ಯ ಕಾನೂನಿಗೆ ಬಿಟ್ಟ ಎಷ್ಟೋ ವಿವರಗಳನ್ನು ನಾವು ಸಂವಿಧಾನದ ಒಳಗೇ ಬರೆದುಕೊಂಡಿದ್ದೇವೆ. 1992ರಲ್ಲಿ ಎಂಟನೆಯ ಪರಿಚ್ಛೇದಕ್ಕೆ ಕೊಂಕಣಿ, ಮಣಿಪುರಿ, ನೇಪಾಳಿಗಳನ್ನು ಸೇರಿಸುವುದಕ್ಕೆ ಒಂದು ತಿದ್ದುಪಡಿ ಬೇಕಾಯಿತು. 2011ರಲ್ಲಿ ಒರಿಯಾ ಎಂಬುದನ್ನು ಒಡಿಯಾ ಎಂದು ಬರೆಯುವುದಕ್ಕೂ ಒಂದು ಬೇಕಾಯಿತು. ಆದರೆ 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಸಂವಿಧಾನದ ಮೊದಲನೆಯ ಪರಿಚ್ಛೇದದಲ್ಲಿ ನಮ್ಮ ಹೆಸರೇ ಬದಲಾಯಿತಾದರೂ ಅದು ತಿದ್ದುಪಡಿಯ ಲೆಕ್ಕಕ್ಕೆ ಬರಲೇ ಇಲ್ಲ. ಮೂರು ಮತ್ತು ನಾಲ್ಕನೆಯ ವಿಧಿಗಳ ಪ್ರಕಾರ ಅದಕ್ಕೆ ಸಂಸತ್ತಿನ ಸಾಧಾರಣ ಕಾನೂನು ಸಾಕು. ಇನ್ನೊಂದು ಕಡೆ, 1976ರ 42ನೆಯ ತಿದ್ದುಪಡಿ ಲೆಕ್ಕದಲ್ಲಿ ಒಂದೇ. ಅದರೊಳಗೆ 59 ಕಲಮುಗಳು. ಸಂಖ್ಯೆಯನ್ನು ಹಿಡಿದು ಗುಣವನ್ನು ಅಳೆಯುವುದು, ಹೆಚ್ಚುವರಿ ಹಾಳೆ ಪಡೆದವನೇ ಹೆಚ್ಚು ಬಲ್ಲವನೆಂದು ಅಂಕ ಕೊಟ್ಟ ಹಾಗೆ.

ಇನ್ನು ಒಂದಕ್ಷರವನ್ನೂ ಮುಟ್ಟಬಾರದೆಂಬ ಮಾತು. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಂಡವನ ಗಾದೆ ನಮ್ಮಲ್ಲಿದೆ. ಮುಟ್ಟದೆ ಇದ್ದಿದ್ದರೆ ಇಂದಿನ ಕರ್ನಾಟಕದ ನಕ್ಷೆಯೇ ಇರುತ್ತಿರಲಿಲ್ಲ. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದಾದದ್ದು ರಾಜ್ಯ ಪುನರ್ವಿಂಗಡಣೆಯ ಕಾನೂನಿನಿಂದ. ಅದಕ್ಕೆ ಜೊತೆಯಾಗಿ ಬಂದದ್ದು ಏಳನೆಯ ತಿದ್ದುಪಡಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ ಜಾರಿಯಾದ 61ನೆಯ ತಿದ್ದುಪಡಿಯಿಂದ. ಕರ್ನಾಟಕ, ಪಶ್ಚಿಮ ಬಂಗಾಳದಂಥ ರಾಜ್ಯಗಳು ತಮ್ಮ ನೆಲದಲ್ಲಿ ಮಾಡಿ ನೋಡಿದ ಪಂಚಾಯತಿ ರಾಜ್ಯವನ್ನು 73ನೆಯ ತಿದ್ದುಪಡಿ 1993ರಲ್ಲಿ ಇಡೀ ದೇಶಕ್ಕೆ ಕಟ್ಟಳೆ ಮಾಡಿತು. ನಮ್ಮಲ್ಲಿ 1983ರ ಕಾಯಿದೆ ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲು ಸ್ಥಾನ ಕೊಟ್ಟಿತ್ತು. ದೇಶ ಅದನ್ನು ಮೂರರಲ್ಲಿ ಒಂದಕ್ಕೆ ಏರಿಸಿತು. 2002ರ 86ನೆಯದು ಆರರಿಂದ ಹದಿನಾಲ್ಕರವರೆಗಿನ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಇವುಗಳಲ್ಲಿ ಯಾವುದನ್ನು ಪಾಪವೆನ್ನೋಣ?

ಹಾಗಾದರೆ ತಿದ್ದುಪಡಿಗಳೆಲ್ಲ ಒಳ್ಳೆಯವೆ? ಅಲ್ಲ. ನನ್ನ ವಾದ ಇರುವುದು ಇಲ್ಲಿಯೇ. ತಿದ್ದುವ ಕೈ ಯಾರದು, ತಿದ್ದುವಾಗ ಯಾರು ಎಚ್ಚರವಾಗಿದ್ದರು ಎಂಬುದನ್ನು ನೋಡದೆ ಹೊಗಳಲೂ ಬಾರದು, ತೆಗಳಲೂ ಬಾರದು.

ಮೊದಲನೆಯ ತಿದ್ದುಪಡಿಯನ್ನೇ ನೋಡಿ. ಸಂವಿಧಾನ ಜಾರಿಗೆ ಬಂದು ಹದಿನೇಳು ತಿಂಗಳು ತುಂಬುವ ಮೊದಲೇ, 1951ರ ಜೂನ್‌ನಲ್ಲಿ, ಅದು ಬಂದಿತು. ಮೊದಲ ಮಹಾಚುನಾವಣೆ ಇನ್ನೂ ಆಗಿರಲಿಲ್ಲ. ಅದನ್ನು ಒಪ್ಪಿದ್ದು ತಾತ್ಕಾಲಿಕ ಸಂಸತ್ತು. ಹಿಂದುಳಿದವರಿಗೆ ವಿಶೇಷ ಸವಲತ್ತು ಕೊಡುವುದಕ್ಕೆ ದಾರಿ ಮಾಡಿದ್ದು ಅದೇ, ಜಮೀನುದಾರಿಕೆ ರದ್ದು ಮಾಡುವ ಕಾನೂನುಗಳಿಗೆ ಒಂಬತ್ತನೆಯ ಪರಿಚ್ಛೇದವೆಂಬ ಕೋಟೆ ಕಟ್ಟಿದ್ದೂ ಅದೇ, ಮಾತಿನ ಸ್ವಾತಂತ್ರ್ಯದ ಮೇಲೆ ಸರಕಾರ ಹಾಕಬಹುದಾದ ಕಟ್ಟುಗಳನ್ನು ಹೆಚ್ಚಿಸಿದ್ದೂ ಅದೇ. ಒಂದೇ ಕೈ ಒಂದೇ ದಿನ ಕೊಟ್ಟಿತು, ಕಿತ್ತುಕೊಂಡಿತು. ಹದಿಮೂರು ಕಾನೂನುಗಳಿಗೆಂದು ಕಟ್ಟಿದ ಆ ಕೋಟೆಯೊಳಗೆ ಆಮೇಲೆ 284 ಕಾನೂನುಗಳು ನುಗ್ಗಿದವು. ಎಲ್ಲವೂ ಉಳುವವನಿಗೆ ನೆಲ ಕೊಡುವ ಕಾನೂನುಗಳಾಗಿರಲಿಲ್ಲ.

ಅಧಿಕಾರದ ಕೈ ತನಗಾಗಿಯೇ ತಿದ್ದಿಕೊಂಡ ನಿದರ್ಶನ ಬೇಕೆ? 1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿತು. ಜೂನ್ 25ರಂದು ತುರ್ತು ಪರಿಸ್ಥಿತಿ ಬಂದಿತು. ಮೇಲ್ಮನವಿಯ ವಿಚಾರಣೆ ಆಗಸ್ಟ್ 11ಕ್ಕೆ ಇದ್ದಾಗ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ಕೈಗೆಟುಕದ ಹಾಗೆ ಮಾಡುವ 39ನೆಯ ತಿದ್ದುಪಡಿಗೆ ಆಗಸ್ಟ್ 10ರಂದು ಅಂಕಿತ ಬಿತ್ತು. ಪರೀಕ್ಷೆಗೆ ಕುಳಿತ ಹುಡುಗ ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿ ಅಂಕ ಹಾಕಿಕೊಂಡರೆ ನಾವು ಅವನನ್ನು ಹೊರಗೆ ಕಳಿಸುತ್ತೇವೆ. ಅಂದು ನಾಡಿನ ಶಾಸನಸಭೆಗಳು ಕೈ ಎತ್ತಿ ಒಪ್ಪಿಗೆ ಕೊಟ್ಟವು.

ಆ ಕೈಯನ್ನು ಹಿಡಿದು ನಿಲ್ಲಿಸಿದ ತತ್ತ್ವ ಹುಟ್ಟಿದ್ದು ನಮ್ಮ ನೆರೆಯ ಒಂದು ಮಠದ ದಾವೆಯಿಂದ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ತೀರ್ಪು ಬಂದಿತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು. ಮಠದ ನೆಲ ಮಠಕ್ಕೆ ಮರಳಲಿಲ್ಲ. ದೇಶಕ್ಕೆ ಒಂದು ಲಕ್ಷ್ಮಣರೇಖೆ ಸಿಕ್ಕಿತು. 1975ರ ನವೆಂಬರ್‌ನಲ್ಲಿ 39ನೆಯ ತಿದ್ದುಪಡಿಯ ಆ ಕಲಮು ಬಿದ್ದದ್ದು ಆ ರೇಖೆಯನ್ನು ದಾಟಿದ್ದಕ್ಕೆ. ತಿದ್ದುವ ಅಧಿಕಾರಕ್ಕೆ ಎಲ್ಲೆಯೇ ಇಲ್ಲವೆಂದು ಬರೆದುಕೊಂಡ 42ನೆಯ ತಿದ್ದುಪಡಿಯ ಕಲಮು 1980ರಲ್ಲಿ ಬಿದ್ದದ್ದು ಬೆಂಗಳೂರಿನ ಬಟ್ಟೆ ಗಿರಣಿ ಮಿನರ್ವ ಮಿಲ್ಸ್‌ನ ದಾವೆಯಲ್ಲಿ. ಎಲ್ಲೆಯೊಳಗಿನ ಅಧಿಕಾರ ಪಡೆದವನು ಅದೇ ಅಧಿಕಾರದಿಂದ ಎಲ್ಲೆಯನ್ನು ಕಿತ್ತುಹಾಕುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಹಳ್ಳಿಯ ಪಂಚಾಯಿತಿಕಟ್ಟೆಯಲ್ಲಿ ಕುಳಿತ ಯಾವ ಹಿರಿಯನೂ ತಲೆದೂಗುವ ಮಾತು.

ನ್ಯಾಯಾಲಯವಿದೆಯಲ್ಲ, ನಮಗೇಕೆ ಚಿಂತೆ ಎನ್ನುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 42ನೆಯ ತಿದ್ದುಪಡಿಯಲ್ಲಿ ನ್ಯಾಯಾಲಯ ಮುಟ್ಟದ, 1978ರ 44ನೆಯ ತಿದ್ದುಪಡಿ ಕೂಡ ಹಾಗೆಯೇ ಬಿಟ್ಟ ಒಂದು ಬದಲಾವಣೆ ಉಂಟು. 44ನೆಯದು ಲೋಕಸಭೆಯ ಆರು ವರ್ಷದ ಅವಧಿಯನ್ನು ಮತ್ತೆ ಐದಕ್ಕೆ ಇಳಿಸಿತು. “ಆಂತರಿಕ ಕ್ಷೋಭೆ”ಯ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರುವ ದಾರಿಯನ್ನು ಮುಚ್ಚಿತು. ಆದರೆ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿದ್ದನ್ನು ಹಿಂದಕ್ಕೆ ತರಲಿಲ್ಲ. ಕನ್ನಡದ ಹುಡುಗ ಏನು ಓದಬೇಕು, ಯಾವ ಪರೀಕ್ಷೆ ಬರೆದು ವೈದ್ಯನಾಗಬೇಕು ಎಂಬ ಮಾತಿನಲ್ಲಿ ದಿಲ್ಲಿಯದೇ ಕೊನೆಯ ಮಾತಾಗುವುದಕ್ಕೆ ಬಾಗಿಲು ಅಗಲವಾಗಿ ತೆರೆದದ್ದು ಆಗಲೇ. ಅದನ್ನು ಮಾಡಿದ ಲೋಕಸಭೆಗೆ ಜನ ಕೊಟ್ಟಿದ್ದ ಐದು ವರ್ಷ 1976ರ ಮಾರ್ಚಿಗೇ ಮುಗಿದಿತ್ತು. ಅದು ತನ್ನ ಆಯುಷ್ಯವನ್ನು ತಾನೇ ಬೆಳೆಸಿಕೊಂಡು ಕುಳಿತಿತ್ತು. ವಿರೋಧ ಪಕ್ಷದ ಅನೇಕ ನಾಯಕರು ಸೆರೆಮನೆಯಲ್ಲಿದ್ದರು. ಪತ್ರಿಕೆಗಳ ಬಾಯಿಗೆ ಬೀಗವಿತ್ತು. ಕನ್ನಡ ಮಾಧ್ಯಮದ ಬಗ್ಗೆ ವೇದಿಕೆಯಲ್ಲಿ ಕಣ್ಣೀರು ಹಾಕುವ ನಮ್ಮಲ್ಲಿ ಎಷ್ಟು ಮಂದಿ ಆ ಒಂದು ಸಾಲನ್ನು ಓದಿದ್ದೇವೆ? ನೀಟ್ ಪರೀಕ್ಷೆಯನ್ನು ಬೈಯುತ್ತೇವೆ. ಅದಕ್ಕೆ ದಾರಿ ಕೊಟ್ಟ ಪಟ್ಟಿಯನ್ನು ಬೈಯುವುದಿಲ್ಲ.

ಅವಸರ ಒಂದೇ ಪಕ್ಷದ ಸೊತ್ತಲ್ಲ. 2019ರ ಜನವರಿಯಲ್ಲಿ ಆರ್ಥಿಕವಾಗಿ ದುರ್ಬಲರಿಗೆ ಶೇಕಡ 10 ಮೀಸಲಾತಿ ಕೊಡುವ 103ನೆಯ ತಿದ್ದುಪಡಿ 8ರಂದು ಲೋಕಸಭೆಗೆ ಬಂದು ಅಂದೇ ಒಪ್ಪಿಗೆ ಪಡೆಯಿತು. 9ರಂದು ರಾಜ್ಯಸಭೆ ಒಪ್ಪಿತು. ಅದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ನನ್ನ ಪ್ರಶ್ನೆ ಇಷ್ಟೆ: ಸಮಾನತೆಯ ಅರ್ಥವನ್ನೇ ಬದಲಿಸುವ ಒಂದು ಸಾಲನ್ನು ಓದಿ, ತೂಗಿ, ಮಾತಾಡುವುದಕ್ಕೆ ನಾಡಿಗೆ ಎರಡು ದಿನ ಸಾಕೆ? ಮನೆಯ ಗೋಡೆ ಒಡೆಸುವ ಮುಂಚೆ ನಾವು ಅದಕ್ಕಿಂತ ಹೆಚ್ಚು ದಿನ ಯೋಚಿಸುತ್ತೇವೆ.

ಇಷ್ಟೆಲ್ಲ ಬರೆಯುವುದಕ್ಕೆ ನನ್ನನ್ನು ಹಚ್ಚಿದ್ದು ಅಧ್ಯಾಪಕರ ಜಗಳವಲ್ಲ, ಒಬ್ಬ ವಿದ್ಯಾರ್ಥಿ. ಯಾದಗಿರಿಯ ಕಡೆಯ ಹುಡುಗ. ಒಂದು ದಿನ ತರಗತಿ ಮುಗಿದ ಮೇಲೆ ಬಂದು, “ಸರ್, ನಮ್ಮ ಭಾಗದವರಿಗೆ ಕೆಲಸದಾಗ ಮೀಸಲಾತಿ ಐತಂತಾರಲ್ಲ, 371-ಜೆ, ಅದನ್ನ ಕನ್ನಡದಾಗ ಓದಬೇಕಾಗಿತ್ರಿ” ಎಂದ. ಹೈದರಾಬಾದ್ ಕರ್ನಾಟಕವೆಂದು ಆಗ ಕರೆಯುತ್ತಿದ್ದ ಜಿಲ್ಲೆಗಳ ದಶಕಗಳ ಹೋರಾಟಕ್ಕೆ ಫಲವಾಗಿ 2012ರ 98ನೆಯ ತಿದ್ದುಪಡಿ ಸೇರಿಸಿದ ವಿಧಿ ಅದು. ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ಓದು ಮತ್ತು ಉದ್ಯೋಗಗಳಲ್ಲಿ ಅಲ್ಲಿಯವರಿಗೆ ಪಾಲು, ಇಷ್ಟಕ್ಕೂ ಅದೇ ಆಧಾರ. ನಾನು ದೊಡ್ಡತನದಿಂದ ಅವನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಕನ್ನಡದ ಪ್ರತಿ ಇತ್ತು. ಬೆನ್ನು ಹರಿದಿತ್ತು. ಪುಟ ತಿರುವಿದರೆ 371-ಐ ಎಂಬಲ್ಲಿ ಆ ಭಾಗ ಮುಗಿದಿತ್ತು. ತನ್ನ ಅನ್ನದ ವಿಧಿಯನ್ನು ತನ್ನ ಭಾಷೆಯಲ್ಲಿ ಓದುವುದಕ್ಕೆ ಬಂದವನನ್ನು ನಾನು ಬರಿಗೈಯಲ್ಲಿ ಕಳಿಸಿದೆ.

ಇದರಲ್ಲಿ ಗ್ರಂಥಪಾಲಕರ ತಪ್ಪೇನೂ ಇಲ್ಲ. 1987ರ 58ನೆಯ ತಿದ್ದುಪಡಿ ಸಂವಿಧಾನಕ್ಕೆ 394-ಎ ಎಂಬ ವಿಧಿಯನ್ನು ಸೇರಿಸಿತು. ಅದರಂತೆ ಸಂವಿಧಾನದ ಹಿಂದಿ ಅನುವಾದವನ್ನೂ ಇಂಗ್ಲಿಷಿನಲ್ಲಿ ಆಗುವ ಪ್ರತಿಯೊಂದು ತಿದ್ದುಪಡಿಯ ಹಿಂದಿ ಅನುವಾದವನ್ನೂ ರಾಷ್ಟ್ರಪತಿಗಳು ಪ್ರಕಟಿಸಬೇಕು. ಹಿಂದಿಯವರಿಗೆ ಸಿಕ್ಕಿತೆಂದು ನನಗೆ ಹೊಟ್ಟೆಕಿಚ್ಚಿಲ್ಲ. ಕನ್ನಡಕ್ಕೆ ಅಂಥ ಕಟ್ಟಳೆ ಸಂವಿಧಾನದ ಒಳಗೆ ಇಲ್ಲವೆಂಬುದು ನನ್ನ ದೂರು. ಎಂಟನೆಯ ಪರಿಚ್ಛೇದದಲ್ಲಿ ಹೆಸರು ಬರೆದರೆ ಭಾಷೆಗೆ ಗೌರವ ಬಂದಿತೆ? ಪಂಕ್ತಿಗೆ ಕರೆದು ಎಲೆ ಹಾಕಿ ಬಡಿಸದೆ ಎಬ್ಬಿಸಿದ ಹಾಗಾಯಿತು.

ಆದ್ದರಿಂದ ನಾನು ಕೇಳುವುದು ಮೂರು. ಒಂದು: ಸಂವಿಧಾನದ ಯಾವ ತಿದ್ದುಪಡಿಯ ಮಸೂದೆಯೇ ಆಗಲಿ, ಮತಕ್ಕೆ ಬರುವ ಮೊದಲು ಕನ್ನಡವೂ ಸೇರಿ ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳಲ್ಲಿ ಪ್ರಕಟವಾಗಿ ಎರಡು ತಿಂಗಳಾದರೂ ಜನರ ಮುಂದೆ ಇರಬೇಕು. ಎರಡು: ರಾಜ್ಯಗಳ ಅನುಮೋದನೆ ಬೇಕಾದಾಗ ನಮ್ಮ ವಿಧಾನಮಂಡಲ ಅದನ್ನು ದಿನವಿಟ್ಟು ಚರ್ಚಿಸಬೇಕು, ಅಂಚೆಯಲ್ಲಿ ಬಂದದ್ದಕ್ಕೆ ಮೊಹರು ಒತ್ತುವುದು ಶಾಸಕರ ಕೆಲಸವಲ್ಲ. ಮೂರು: ಹೊಸ ತಿದ್ದುಪಡಿಗಳೆಲ್ಲ ಸೇರಿದ ಕನ್ನಡದ ಪ್ರತಿ ಪ್ರತಿ ವರ್ಷ ಪ್ರತಿಯೊಂದು ಶಾಲೆ, ಕಾಲೇಜು, ಗ್ರಂಥಾಲಯಕ್ಕೆ ಹೋಗಬೇಕು. ಮಕ್ಕಳ ಬಾಯಲ್ಲಿ ಪೀಠಿಕೆಯನ್ನು ಹೇಳಿಸುವುದು ಒಳ್ಳೆಯದೇ, ಪೀಠಿಕೆಯಿಂದಾಚೆಗೂ ಪುಟಗಳಿವೆ.

ಹೊಸ ಸಂವಿಧಾನ ಬರೆಯೋಣವೆನ್ನುವ ನನ್ನ ಅರ್ಥಶಾಸ್ತ್ರದ ಮಿತ್ರರಿಗೆ ಒಂದು ಮಾತು: ನೆಗಡಿಯಾಯಿತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ. ಕೌದಿಯ ಬಗ್ಗೆಯೂ ತಮಗೆ ಸರಿಯಾಗಿ ತಿಳಿದಿಲ್ಲ. ತೇಪೆಗಳಿಂದಲೇ ಅದು ಕೌದಿ, ಅವುಗಳಿಂದಲೇ ಅದು ಚಳಿಗೆ ತಡೆಯುತ್ತದೆ. ಕೇಳಬೇಕಾದದ್ದು ಯಾವ ತೇಪೆ ಯಾರ ಮೈಯನ್ನು ಮುಚ್ಚಿತು ಎಂದು. ಸಂಸ್ಕೃತದ ಹಿರಿಯರಿಗೆ ನಮಸ್ಕಾರ. ಪಾರಾಯಣಕ್ಕೂ ಪುಸ್ತಕ ತೆರೆಯಬೇಕು.

ಆ ಹುಡುಗ ಹೋದ ರಾತ್ರಿ ನಾನು 371-ಜೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬರೆದೆ. ಮರುದಿನ ಗ್ರಂಥಪಾಲಕರ ಅಪ್ಪಣೆ ಪಡೆದು ಆ ಹಾಳೆಯನ್ನು ಪುಸ್ತಕದಲ್ಲಿ 371-ಐ ಇರುವ ಪುಟಕ್ಕೆ ಅಂಟಿಸಿದೆ. ಅದು ಅಧಿಕೃತವಲ್ಲ, ಯಾವ ನ್ಯಾಯಾಲಯದಲ್ಲಿಯೂ ನಿಲ್ಲುವುದಿಲ್ಲ. ಆದರೂ ಹುಡುಗ ನಿಂತೇ ಅದನ್ನು ಎರಡು ಸಲ ಓದಿದ. ಓದಿ, ನಾನು ಬರೆದಿದ್ದ ಒಂದು ಕಾಗುಣಿತದ ತಪ್ಪನ್ನು ಬೆರಳಿಟ್ಟು ತೋರಿಸಿದ. ತಿದ್ದಿಕೊಂಡೆ.

ಓದುಗರು ಈ ವಾರ ತಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಒಮ್ಮೆ ಹೋಗಿ, ಅಲ್ಲಿರುವ ಕನ್ನಡದ ಪ್ರತಿ ಎಷ್ಟನೆಯ ತಿದ್ದುಪಡಿಗೆ ನಿಂತಿದೆಯೆಂದು ನೋಡಿ ಬರಬೇಕೆಂದು ಕೋರುತ್ತೇನೆ.