ದಾರಿ ಕೇಳಿ ಹೋಗಬೇಕಾದ ದ್ವೀಪ
ಬೆಥೆಸ್ಡಾ ಸಂಸ್ಥೆ 2002ರಲ್ಲಿ ಹೊರತಂದ ‘ಮಾರೋವಿಂಡ್’ ಕಂಪ್ಯೂಟರ್ ಆಟವನ್ನು ಈಗ ಮೊದಲ ಸಲ ಆಡಲು ಕೂತವರು ಆರಂಭದ ಕಾಳಗದಲ್ಲೇ ಕಂಗಾಲಾಗುತ್ತಾರೆ. ಕತ್ತಿ ಕಣ್ಣೆದುರೇ ಶತ್ರುವಿನ ಮೈ ಹಾಯುತ್ತದೆ, ಪೆಟ್ಟು ಮಾತ್ರ ಬೀಳುವುದಿಲ್ಲ. ಆಟ ಕೆಟ್ಟಿಲ್ಲ; ಒಳಗೊಳಗೇ ದಾಳ ಉರುಳುತ್ತಿದೆ. ಆಯುಧದಲ್ಲಿನ ಪಳಗಿಕೆ, ಚುರುಕು, ಅದೃಷ್ಟ, ಉಳಿದಿರುವ ದಮ್ಮು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಓಡೋಡಿ ಬಂದು ಏದುಸಿರಲ್ಲೇ ಕತ್ತಿ ಬೀಸಿದವನ ಗುರಿ ತಪ್ಪುವುದೇ ಹೆಚ್ಚು. ಇದು ಗೊತ್ತಾದ ಮೇಲೆ ಆಟಗಾರ ನಿಧಾನವಾಗಿ ನಡೆಯತೊಡಗುತ್ತಾನೆ, ಈ ಆಟದ ನಿಜವಾದ ಸೊಗಸು ಇರುವುದೂ ಆ ನಡಿಗೆಯಲ್ಲೇ. ಇದೇ ಸರಣಿಯಲ್ಲಿ 2006ರಲ್ಲಿ ಬಂದ ‘ಆಬ್ಲಿವಿಯನ್’ ಹೋಗಬೇಕಾದ ಜಾಗವನ್ನು ದಿಕ್ಸೂಚಿಯ ಮೇಲೆ ಗುರುತು ಹಾಕಿ ತೋರಿಸಿತು. ಮಾರೋವಿಂಡ್‌ನ ವಾರ್ಡನ್‌ಫೆಲ್ ದ್ವೀಪದಲ್ಲಿ ಆ ಅನುಕೂಲವಿಲ್ಲ. ಹೊಳೆಯ ಗುಂಟ ಹೋಗು, ಸೇತುವೆ ದಾಟು, ಕೈಮರ ನೋಡಿ ತಿರುಗು ಎಂದು ಊರವರು ಹೇಳಿದ್ದು ದಿನಚರಿಯಲ್ಲಿ ದಾಖಲಾಗುತ್ತದೆ, ಅಷ್ಟೆ. ಅವರು ಹೇಳಿದ ದಾರಿ ಕೆಲವೊಮ್ಮೆ ತಪ್ಪಾಗಿಯೂ ಇರುತ್ತದೆ! ದೂರದ ಪಟ್ಟಣಕ್ಕೆ ಹೋಗಬೇಕಾದರೆ ಕಾಸು ಕೊಟ್ಟು ‘ಸಿಲ್ಟ್ ಸ್ಟ್ರೈಡರ್’ ಎಂಬ ದೈತ್ಯ ಕೀಟದ ಬೆನ್ನೇರಬಹುದು. ಮೊದಲ ಊರು ಸೈಡಾ ನೀನ್ ದಾಟಿ ಸ್ವಲ್ಪ ದೂರ ನಡೆದರೆ ಮಾಂತ್ರಿಕನೊಬ್ಬ ಚೀರುತ್ತಾ ಆಕಾಶದಿಂದ ಬಿದ್ದು ಸಾಯುತ್ತಾನೆ. ಅವನ ಬಳಿ ಮುಗಿಲೆತ್ತರಕ್ಕೆ ನೆಗೆಸುವ 3 ಮಂತ್ರದ ಸುರುಳಿಗಳಿರುತ್ತವೆ. ಕ್ಷೇಮವಾಗಿ ಇಳಿಯುವ ಉಪಾಯವನ್ನು ಆಟಗಾರನೇ ಹುಡುಕಿಕೊಳ್ಳಬೇಕು. ಹೊಸಬರ ಬುದ್ಧಿಯ ಮೇಲೆ ಇಷ್ಟು ಭರವಸೆ ಇಡುವ ಆಟಗಳು ಅಪರೂಪ. ಮೂಲ ಆಟವನ್ನು ಕೊಂಡವರು ಅದನ್ನು ಉತ್ಸಾಹಿಗಳು ಕಟ್ಟಿರುವ ‘ಓಪನ್‌ಎಮ್‌ಡಬ್ಲ್ಯೂ’ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಇಂದಿನ ಕಂಪ್ಯೂಟರಿನಲ್ಲೂ ಆಡಬಹುದು.